ಆ ಅಂಕಿ ಯಾವ ಕಚೇರಿಯದು?

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಯಾರಿಗಾದರೂ ಎದೆಯಲ್ಲಿ ಚಳಕು ಹೊಡೆದರೆ ಮನೆಮಂದಿಯೆಲ್ಲ ಬೆಚ್ಚಿಬೀಳುತ್ತಿದ್ದರು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬುದು ಸುದ್ದಿ. ಸತ್ತವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ಟಿ.ವಿ.ಯವರು ದಿನವೂ ಹೊಸ ಸಂಖ್ಯೆ ಹೇಳುತ್ತಿದ್ದರು. ಜನ ಬೆಳಗಿನ ಜಾವವೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಕೋವಿಡ್ ಲಸಿಕೆಯೇ ಕಾರಣವಿರಬಹುದೇ ಎಂಬ ಮಾತು ವಿಧಾನಸೌಧದವರೆಗೂ ಹೋಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಬೇರೆ ಕಾರಣ. ಲಸಿಕೆಗೂ ಇವಕ್ಕೂ ಸಂಬಂಧ ಕಾಣಲಿಲ್ಲ, ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು.

ಈ ಗದ್ದಲದ ನಡುವೆ ಒಂದು ಸಣ್ಣ ಲೆಕ್ಕವನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಕರ್ನಾಟಕದ ಸಾವಿನ ದರ ವರ್ಷಕ್ಕೆ ಸಾವಿರಕ್ಕೆ 6.2. ಎರಡನ್ನೂ ಗುಣಿಸಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 11,000 ಸಾವು, ಅಂದರೆ ದಿನಕ್ಕೆ ಮೂವತ್ತು. ನಲವತ್ತು ದಿನಕ್ಕೆ ಸಾವಿರದ ಇನ್ನೂರು. ಅದರಲ್ಲಿ ನಾಲ್ಕನೆಯ ಒಂದು ಭಾಗವಷ್ಟೇ ಹೃದಯದ ಕಾಯಿಲೆಯದ್ದು ಎಂದು ಹಿಡಿದರೂ ಯಾವ ಸುದ್ದಿಯೂ ಆಗದೆ ಮುನ್ನೂರು ಮಂದಿ ಅದೇ ನಲವತ್ತು ದಿನಗಳಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡಿರಬೇಕು. ಇದು ನನ್ನ ಅಂದಾಜು, ಪುಸ್ತಕದ ಲೆಕ್ಕವಲ್ಲ. ಆದರೆ 24ರ ಪಕ್ಕದಲ್ಲಿ ಇಂಥದೊಂದು ಅಂಕಿ ಇದ್ದಿದ್ದರೆ ಬಸ್‌ಸ್ಟ್ಯಾಂಡಿನ ಮಾತು ಬೇರೆಯಾಗಿರುತ್ತಿತ್ತು.

ಹಾಗೆಂದು ಹೆದರಿದವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವಂತಿಲ್ಲ. ಅವರ ಪ್ರಶ್ನೆ ಒಟ್ಟು ಸಾವಿನದ್ದಲ್ಲ, ‘ಚಿಕ್ಕ ವಯಸ್ಸಿನವರು ಹಠಾತ್ತನೆ ಸಾಯುವುದು ಹೆಚ್ಚಿದೆಯೇ’ ಎಂಬುದು. ಅದಕ್ಕೆ ಉತ್ತರ ಬೇಕಿದ್ದರೆ ಹಿಂದಿನ ವರ್ಷಗಳಲ್ಲಿ ನಲವತ್ತೈದರೊಳಗಿನ ಎಷ್ಟು ಮಂದಿ ಹೀಗೆ ಸತ್ತರು ಎಂಬ ಅಂಕಿ ಇರಬೇಕು. ಆಸ್ಪತ್ರೆ ತಲುಪುವ ಮೊದಲೇ ಹೊಲದಲ್ಲೋ ಆಟೋದಲ್ಲೋ ಸತ್ತವರ ಅಂಥ ಪಟ್ಟಿಯನ್ನು ಯಾವ ಕಚೇರಿಯೂ ಇಟ್ಟಿರಲಿಲ್ಲ. ಇನ್ನು ಮುಂದೆ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಹೇಳಿದ್ದೂ ಇದೇ ಕಾರಣಕ್ಕೆ. ಸರ್ಕಾರಿ ಅಂಕಿಯ ಮೊದಲ ಪಾಠ ಇಲ್ಲಿದೆ. ಯಾರೋ ಒಬ್ಬರಿಗೆ ಎಣಿಸುವ ಕೆಲಸ ಹಚ್ಚಿದ್ದರೆ ಮಾತ್ರ ಅಂಕಿ ಇರುತ್ತದೆ, ಮತ್ತು ಅವರಿಗೆ ಏನನ್ನು ಎಣಿಸಲು ಹೇಳಿತ್ತೋ ಅಷ್ಟೇ ಅದರೊಳಗಿರುತ್ತದೆ.

ಸಾವಿನ ವಿಷಯಕ್ಕೇ ಬರೋಣ. ಕರ್ನಾಟಕದಲ್ಲಿ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ ಆರೋಗ್ಯ ಇಲಾಖೆಯವರಲ್ಲ, ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು. ಹಳ್ಳಿಯಲ್ಲಿ ಈ ಕೆಲಸ ಮಾಡುತ್ತ ಬಂದವರು ಹಿಂದೆ ಶಾನುಭೋಗರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರು, ಈಗಿನ ಗ್ರಾಮ ಆಡಳಿತಾಧಿಕಾರಿಗಳು. ಆದ್ದರಿಂದ ಜಿಲ್ಲೆಯ ಸಾವಿನ ಲೆಕ್ಕ ಬೇಕಾದವರು ಹೋಗಬೇಕಾದದ್ದು ಜಿಲ್ಲಾ ಸಾಂಖ್ಯಿಕ ಕಚೇರಿಗೆ. ಅಲ್ಲಿ ತಾಲ್ಲೂಕುವಾರು ಪಟ್ಟಿ ಕೈಗೆ ಸಿಕ್ಕಿದೊಡನೆ ಅಧ್ಯಯನಕ್ಕಿಳಿದ ಹುಡುಗರು ಒಂದು ಗುಂಡಿಗೆ ಬೀಳುತ್ತಾರೆ. 1969ರ ಕಾಯ್ದೆಯಂತೆ ಹುಟ್ಟು ಸಾವುಗಳ ನೋಂದಣಿ ಆಗುವುದು ಅವು ಘಟಿಸಿದ ಜಾಗದಲ್ಲಿ, ಮನೆಯಿರುವ ಊರಿನಲ್ಲಲ್ಲ. ಅರಕಲಗೂಡಿನ ಕೊಣನೂರು ಕಡೆಯ ಹೆಂಗಸಿಗೆ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಗು ಹಾಸನದ ಲೆಕ್ಕಕ್ಕೆ. ಹೊಳೆನರಸೀಪುರದ ಮುದುಕರೊಬ್ಬರು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರು ಹಾಸನ ಜಿಲ್ಲೆಯ ಲೆಕ್ಕದಲ್ಲೇ ಇಲ್ಲ. ಈ ಪಟ್ಟಿಯನ್ನು ಹಾಗೇ ಹಿಡಿದು ತಾಲ್ಲೂಕಿನ ಜನನ ದರ ತೆಗೆದರೆ ಹಾಸನದವರು ಹೆತ್ತಿದ್ದೇ ಹೆತ್ತಿದ್ದು, ಅರಕಲಗೂಡಿನವರು ಹೆರುವುದನ್ನೇ ಬಿಟ್ಟರು ಎಂದು ಪ್ರಬಂಧ ಬರೆಯಬೇಕಾಗುತ್ತದೆ. ಇಂಥ ತೀರ್ಮಾನದ ಪ್ರಬಂಧಗಳಿಗೆ ಪದವಿ ಸಿಕ್ಕಿರಲಾರದು ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಸಾವಿನ ಕಾರಣದ ಅಂಕಿ ಇನ್ನೂ ಸೂಕ್ಷ್ಮ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ. ಹಾಗೆ ದೃಢೀಕರಿಸಿದವುಗಳಲ್ಲಿ ಹೃದಯ ಮತ್ತು ರಕ್ತಪರಿಚಲನೆಯ ಕಾಯಿಲೆಗಳ ಪಾಲು ಶೇ 32.1. ಈ 32ನ್ನು ಎಲ್ಲ ಸಾವುಗಳಿಗೂ ಅನ್ವಯಿಸುವಂತಿಲ್ಲ. ಮನೆಯ ಜಗುಲಿಯ ಮೇಲೆ ಪ್ರಾಣ ಬಿಟ್ಟವರ ಕಾರಣವನ್ನು ಅಲ್ಲಿ ಯಾರೂ ಬರೆದಿಲ್ಲವಲ್ಲ. ಮೇಲಿನ ಲೆಕ್ಕದಲ್ಲಿ ನಾನು ನಾಲ್ಕನೆಯ ಒಂದು ಭಾಗ ಎಂದು ಸ್ವಲ್ಪ ತಗ್ಗಿಸಿ ಹಿಡಿದದ್ದು ಅದಕ್ಕೇ. ಸಾವು ಬಿಟ್ಟು ಆರೋಗ್ಯದ ಬೇರೆ ವಿಷಯಗಳಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾ ಮಟ್ಟದ ಅಂಕಿ ಕೊಡುತ್ತದೆ. 2019–21ರ ಐದನೇ ಸುತ್ತಿನಲ್ಲಿ ಹಾಸನಕ್ಕೂ ಪ್ರತ್ಯೇಕ ಪಟ್ಟಿಯಿದೆ. ಆದರೆ ಅದು ಕೆಲವೇ ನೂರು ಮನೆಗಳ ಮಾದರಿ. ಅದರಲ್ಲಿ ಕೆಲವು ಅಂಕಿಗಳನ್ನು ಆವರಣದೊಳಗೆ ಹಾಕಿರುತ್ತಾರೆ. 25ರಿಂದ 49 ಪ್ರಕರಣಗಳಷ್ಟೇ ಸಿಕ್ಕಿವೆ, ಹುಷಾರಾಗಿ ಬಳಸಿ ಎಂಬುದು ಆ ಆವರಣದ ಅರ್ಥ. ಇಪ್ಪತ್ತೈದಕ್ಕಿಂತ ಕಡಿಮೆಯಿದ್ದರೆ ಅಂಕಿಯೇ ಇರುವುದಿಲ್ಲ, ನಕ್ಷತ್ರದ ಗುರುತು ಮಾತ್ರ. ಪತ್ರಿಕೆಗಳಿಗೆ ಬರುವ ಹೊತ್ತಿಗೆ ಆವರಣ ಉದುರಿಹೋಗಿ ಅಂಕಿ ಒಂಟಿಯಾಗಿ ನಿಂತಿರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ರಕ್ತಹೀನತೆ ಎಷ್ಟು ಎಂದು ಈ ಸಮೀಕ್ಷೆಯನ್ನು ಕೇಳಿದರೆ ಉತ್ತರವಿಲ್ಲ. ಯಾರಾದರೂ ಇದೆಯೆಂದರೆ ಅದು ಜಿಲ್ಲೆಯ ಅಂಕಿಗೆ ತಾಲ್ಲೂಕಿನ ಹೆಸರು ಹಚ್ಚಿದ್ದು.

ಜನರ ಲೆಕ್ಕದಲ್ಲಿ ತಾಲ್ಲೂಕಿಗಿಂತ ಕೆಳಗೆ, ಹಳ್ಳಿಯವರೆಗೆ ಇಳಿಯುವುದು ಮುಖ್ಯವಾಗಿ ಜನಗಣತಿ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಪ್ರತಿ ಗ್ರಾಮದ ಮನೆ, ಜನ, ಪರಿಶಿಷ್ಟರು, ಅಕ್ಷರಸ್ಥರು, ದುಡಿಯುವವರು, ಶಾಲೆ, ಕುಡಿಯುವ ನೀರು ಎಲ್ಲ ಸಾಲಾಗಿ ಇರುತ್ತವೆ. ಆದರೂ ತಮ್ಮ ಊರನ್ನೇ ಹುಡುಕಿ ಸಿಗದೆ ವಾಪಸಾದವರು ಬಹಳ ಮಂದಿ. ಕಾರಣ, ಜನಗಣತಿಗೆ ಊರೆಂದರೆ ಕಂದಾಯ ಗ್ರಾಮ. ಹೊಳೆನರಸೀಪುರ, ಚನ್ನರಾಯಪಟ್ಟಣದ ಸೀಮೆಯಲ್ಲಿ ಹೆಜ್ಜೆಗೊಂದು ಕೊಪ್ಪಲು ಇದೆ. ಅದರಲ್ಲಿ ಇನ್ನೂರು ಮನೆ, ಒಂದು ಮಾರಿಗುಡಿ, ಡೇರಿ, ಶಾಲೆ ಎಲ್ಲ ಇದ್ದರೂ ಕಂದಾಯದ ದಾಖಲೆಯಲ್ಲಿ ಅದು ಪಕ್ಕದ ಗ್ರಾಮದ ಮಜರೆಯಾಗಿದ್ದರೆ ಅದರ ಜನ ಆ ಗ್ರಾಮದ ಹೆಸರಲ್ಲೇ ಎಣಿಕೆಯಾಗುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಒಂದು ನರಪಿಳ್ಳೆಯೂ ಇಲ್ಲದ ಬೇಚಿರಾಕ್ ಗ್ರಾಮಗಳಿಗೆ ತಮ್ಮದೇ ಸಾಲು, ತಮ್ಮದೇ ಸಂಕೇತ ಸಂಖ್ಯೆ ಇರುತ್ತದೆ. ಊರಿನ ಬಗ್ಗೆ ಬರೆಯುವವರು ಮೊದಲು ಅದರ ಕಂದಾಯ ಗ್ರಾಮ ಯಾವುದು, ಹೋಬಳಿ ಯಾವುದು, ಗ್ರಾಮ ಪಂಚಾಯಿತಿ ಯಾವುದು ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ಗುರುತು ಹಾಕಿಕೊಳ್ಳಬೇಕು. ಉದ್ಯೋಗ ಖಾತರಿಯ ಅಂಕಿ ಪಂಚಾಯಿತಿವಾರು ಸಿಗುತ್ತದೆ, ಮಳೆಯದ್ದು ಹೋಬಳಿವಾರು, ಜನರದ್ದು ಕಂದಾಯ ಗ್ರಾಮವಾರು. ಮೂರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಹೆಸರಿಗಿಂತ ಸಂಕೇತ ಸಂಖ್ಯೆ ನಂಬಿಕಸ್ತ. 2011ರ ಜನಗಣತಿಯಲ್ಲಿ ಕರ್ನಾಟಕ 29, ಹಾಸನ ಜಿಲ್ಲೆ 574. ಹೊಳೆನರಸೀಪುರ ಅಲ್ಲಿ ‘ಹೊಳೆ ನರ್ಸಿಪುರ್’ ಎಂದಿದೆ, ಕೂಡಿಸಿ ಟೈಪು ಮಾಡಿ ಹುಡುಕಿದವರಿಗೆ ಊರೇ ಇಲ್ಲ ಎಂಬ ಉತ್ತರ ಬರುತ್ತದೆ. ಹಳೆಯ ಮೈಸೂರು ಸಂಸ್ಥಾನದ ಸಂಪುಟಗಳಲ್ಲಂತೂ ಬರೀ ‘ನರ್ಸಿಪುರ್’ ಎಂದು ಕಂಡರೆ ಅದು ಹೇಮಾವತಿ ದಂಡೆಯದೋ ಕಾವೇರಿ–ಕಪಿಲೆಯ ಕೂಡಲಿನದೋ ಎಂದು ಜಿಲ್ಲೆ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು.

2011ರ ಅದೇ ಜನಗಣತಿಯ ಅಂಕಿಯನ್ನು ಎರಡು ಕಡೆ ನೋಡಿದರೆ ಎರಡು ಬಗೆಯಾಗಿ ಕಾಣುವುದೂ ಉಂಟು. ಹಾಸನ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1005 ಹೆಂಗಸರು ಎಂದು ಒಂದು ಕಡೆ, 1010 ಎಂದು ಇನ್ನೊಂದು ಕಡೆ. ಸಾಕ್ಷರತೆ ಶೇ 75.89 ಎಂದೂ ಇದೆ, 76.07 ಎಂದೂ ಇದೆ. ಯಾರೂ ಸುಳ್ಳು ಬರೆದಿಲ್ಲ. 2011ರಲ್ಲೇ ಹೊರಬಂದದ್ದು ತಾತ್ಕಾಲಿಕ ಅಂಕಿ, ಆಮೇಲೆ ಪರಿಷ್ಕರಿಸಿ ಬಂದದ್ದು ಅಂತಿಮ ಅಂಕಿ. ಮೊದಲು ಬಂದದ್ದು ಎಲ್ಲೆಡೆ ಹರಡಿತು, ಸರಿಯಾದದ್ದು ಮೂಲೆಯಲ್ಲಿ ಕೂತಿತು. ಹಾಸನ ನಗರಕ್ಕೂ ಎರಡು ಜನಸಂಖ್ಯೆ. ನಗರಸಭೆಯ ಗಡಿಯೊಳಗೆ ಸುಮಾರು 1.33 ಲಕ್ಷ, ಸುತ್ತಲ ಬಡಾವಣೆ ಸೇರಿದ ನಗರ ಸಮೂಹದಲ್ಲಿ ಸುಮಾರು 1.55 ಲಕ್ಷ. 2001ರ ಒಂದನ್ನೂ 2011ರ ಇನ್ನೊಂದನ್ನೂ ಹೋಲಿಸಿದರೆ ನಗರ ಬೇಕಾದಷ್ಟು ಬೆಳೆಯುತ್ತದೆ.

ಈ ಅಂಕಿಗಳೊಳಗೆ ಅಪರೂಪಕ್ಕೆ ಒಂದು ದೊಡ್ಡ ಕಥೆಯೂ ಅಡಗಿರುತ್ತದೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿದರೆ ಹಾಸನ ಜಿಲ್ಲೆಯದು ಏರಿದ್ದು 17,21,669ರಿಂದ 17,76,421ಕ್ಕೆ, ಶೇ 3.2ರಷ್ಟು. ಹತ್ತು ವರ್ಷದಲ್ಲಿ ಅರ್ಧ ಲಕ್ಷ ಚಿಲ್ಲರೆ! ಹೆರಿಗೆ ಕಡಿಮೆಯಾದದ್ದರಿಂದಷ್ಟೇ ಬೆಳವಣಿಗೆ ಇಷ್ಟು ಕುಸಿಯುವುದಿಲ್ಲ. ಬೆಂಗಳೂರಿಗೆ ಹೋದ ಮಕ್ಕಳು ಅಲ್ಲೇ ಎಣಿಕೆಯಾಗಿದ್ದಾರೆ. ಹೆಂಗಸರ ಅನುಪಾತ ಸಾವಿರ ದಾಟಿದ್ದನ್ನು ಹೆಮ್ಮೆಯಿಂದ ಭಾಷಣದಲ್ಲಿ ಹೇಳುವವರು ಈ ಬೆಳವಣಿಗೆಯ ಅಂಕಿಯನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ, ಗಂಡಸರು ಊರು ಬಿಟ್ಟದ್ದರ ಪಾಲು ಅದರಲ್ಲಿ ಎಷ್ಟಿರಬಹುದು ಎಂಬ ಅನುಮಾನ ಬರುತ್ತದೆ. ಹೆಣ್ಣುಮಗುವಿನ ಸ್ಥಿತಿ ತಿಳಿಯಲು ನೋಡಬೇಕಾದದ್ದು ಆರು ವರ್ಷದೊಳಗಿನ ಮಕ್ಕಳ ಅನುಪಾತವನ್ನು, ಅದು ಬೇರೆಯದೇ ಕೋಷ್ಟಕದಲ್ಲಿದೆ.

ಬೆಳೆಯ ಅಂಕಿಗೆ ಬಂದರೆ ಕಚೇರಿಗಳ ಓಡಾಟ ಶುರು. ಹಾಸನದ ಆಲೂಗಡ್ಡೆಯ ಏಳುಬೀಳನ್ನು ಅಧ್ಯಯನ ಮಾಡಬೇಕೆಂದು ಕೃಷಿ ಇಲಾಖೆಯ ಬಾಗಿಲಿಗೆ ಹೋದರೆ ಸಿಗುವ ಉತ್ತರ, “ಸಾರ್, ಆಲೂಗಡ್ಡೆ ನಮ್ಮಲ್ಲಿ ಬರಲ್ಲ, ತೋಟಗಾರಿಕೆಯವ್ರನ್ನ ಕೇಳಿ.” ರಾಗಿ, ಭತ್ತ, ಮುಸುಕಿನ ಜೋಳ ಕೃಷಿ ಇಲಾಖೆಯವು. ಆಲೂಗಡ್ಡೆ, ಶುಂಠಿ, ತೆಂಗು ತೋಟಗಾರಿಕೆಯವು. ಹಿಪ್ಪುನೇರಳೆ ರೇಷ್ಮೆ ಇಲಾಖೆಯದು. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಲೆಕ್ಕ ಕೇಂದ್ರ ಸರ್ಕಾರದ ತಂಬಾಕು ಮಂಡಳಿಯ ಬಳಿ, ಅದರ ಹರಾಜು ಮಾರುಕಟ್ಟೆ ರಾಮನಾಥಪುರದಲ್ಲಿದೆ. ಜಿಲ್ಲೆಗೆ ಬಿತ್ತನೆ ಆಲೂಗಡ್ಡೆ ಪ್ರತಿವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಬರುವುದರಿಂದ ಹಾಸನದ ಎಪಿಎಂಸಿಯ ಆವಕದ ಪುಸ್ತಕದಲ್ಲಿ ಇನ್ನೊಂದು ಬಗೆಯ ಸಾಕ್ಷಿ ಸಿಗುತ್ತದೆ. ಬಿತ್ತನೆ ಎಷ್ಟಾಯಿತು ಎಂದು ಇಲಾಖೆ ಹೇಳಿದ್ದನ್ನು ಬೀಜ ಎಷ್ಟು ಬಂತು ಎಂಬುದರ ಜೊತೆ ತಾಳೆ ನೋಡಬಹುದು. ಅಂಕಿ ಬಳಸುವುದರಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದೇ. ಒಬ್ಬರಿಗೊಬ್ಬರು ಗೊತ್ತಿಲ್ಲದ ಎರಡು ಕಚೇರಿಗಳನ್ನು ಎದುರುಬದುರು ಕೂರಿಸುವುದು.

ಬೆಳೆ ಎಷ್ಟೆಕರೆ ಎಂಬುದು ಬಹುಕಾಲ ಪಹಣಿಯ ಕಾಲಮ್ಮಿನಿಂದ ಬಂದದ್ದು. ಹೋದ ವರ್ಷದ ರಾಗಿಯನ್ನೇ ಈ ವರ್ಷವೂ ಬರೆದುಬಿಡುತ್ತಾರೆ ಎಂಬ ದೂರು ಹಳೆಯದು. ಈಗ ಮೊಬೈಲ್ ಆ್ಯಪ್ ಹಿಡಿದು ಸರ್ವೆ ನಂಬರಿನ ಮೇಲೆ ನಿಂತು ಫೋಟೊ ತೆಗೆಯುವ ಬೆಳೆ ಸಮೀಕ್ಷೆ ಬಂದಿದೆ. ಕೆಲಸ ಚೆನ್ನಾಗಿದೆ. ಆದರೆ ಹಳೆಯ ಪದ್ಧತಿಯ ವರ್ಷಕ್ಕೂ ಹೊಸ ಪದ್ಧತಿಯ ವರ್ಷಕ್ಕೂ ನಡುವೆ ಕಾಣುವ ಜಿಗಿತ ಹೊಲದಲ್ಲಿ ಆದದ್ದೋ ಎಣಿಸುವ ರೀತಿಯಲ್ಲಿ ಆದದ್ದೋ ಎಂದು ಕೇಳಿಕೊಳ್ಳದೆ ಗ್ರಾಫ್ ಎಳೆಯಬಾರದು. ಇಳುವರಿಯ ಅಂಕಿ ಬೇರೆ ದಾರಿಯಿಂದ ಬರುತ್ತದೆ. ಚೀಟಿ ಎತ್ತಿದಂತೆ ಆರಿಸಿದ ಹೊಲದಲ್ಲಿ ಸಾಮಾನ್ಯವಾಗಿ ಐದು ಮೀಟರ್ ಉದ್ದ ಐದು ಮೀಟರ್ ಅಗಲ ಹಗ್ಗ ಹಿಡಿದು, ಅಷ್ಟನ್ನು ಕೊಯ್ದು, ಬಡಿದು, ತೂಗುತ್ತಾರೆ. ವಿಮೆಯ ಮುಖ್ಯ ಬೆಳೆಗಳಿಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ. ಆ ತೂಕದ ಮೇಲೆ ಪರಿಹಾರದ ಹಣ ನಿಂತಿರುವುದರಿಂದ ಕೊಯ್ಲಿನ ಸುತ್ತ ಎಷ್ಟು ಜನ ನಿಂತಿರುತ್ತಾರೆ, ಏನೇನು ಮಾತಾಗುತ್ತದೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತು, ಕೋಷ್ಟಕಕ್ಕೆ ಗೊತ್ತಿಲ್ಲ.

ಕೋಷ್ಟಕಕ್ಕೆ ಗೊತ್ತಾಗಲು ಬಿಡದ ಸಂಗತಿಗಳೂ ಇವೆ. ಅವುಗಳಲ್ಲಿ ದೊಡ್ಡದು ಗೇಣಿ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯ ಗೇಣಿಗೆ ಕಾನೂನಿನ ಒಪ್ಪಿಗೆಯಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಕೃಷಿ ಗಣತಿಯಲ್ಲಿ ಗೇಣಿ ಹಿಡುವಳಿ ತೀರಾ ಕಡಿಮೆ ಕಾಣುತ್ತದೆ. ಅರಕಲಗೂಡಿನಲ್ಲೋ ಹಾಸನದಲ್ಲೋ ಶುಂಠಿ ಹೊಲದ ಬದುವಿನ ಮೇಲೆ ನಿಂತು ಕೇಳಿದರೆ ಬೆಳೆಯ ಪಾಲಿಗೆ, ಅಂದರೆ ವಾರಕ್ಕೆ ಕೊಟ್ಟವರು, ಒಂದೆರಡು ವರ್ಷದ ಗುತ್ತಿಗೆಗೆ ಕೊಟ್ಟವರು, ಕೇರಳದಿಂದ ಬಂದು ಹಿಡಿದವರು ಎಲ್ಲ ಸಿಗುತ್ತಾರೆ. ಪಹಣಿಯಲ್ಲಿ ಮಾತ್ರ ಯಜಮಾನರದ್ದೇ ಹೆಸರು. ಕಾನೂನು ಇಲ್ಲವೆಂದದ್ದನ್ನು ಇದೆಯೆಂದು ಸರ್ಕಾರದ ಎಣಿಕೆದಾರನ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ? ಇಂಥ ಕಡೆ ಅಧ್ಯಯನ ಮಾಡುವವರು ತಾವೇ ಹೊಲಕ್ಕೆ ಹೋಗಬೇಕು. ಸರ್ಕಾರಿ ಅಂಕಿ ಇಲ್ಲಿ ಏನನ್ನು ಮುಚ್ಚಿಡಲಾಗಿದೆ ಎಂಬುದಕ್ಕಷ್ಟೇ ಸಾಕ್ಷಿ.

ನೀರಾವರಿಯದ್ದೂ ಇದೇ ಬಗೆಯ ಜಗಳ, ಕಾರಣ ಮಾತ್ರ ಬೇರೆ. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳ ಅಚ್ಚುಕಟ್ಟು ಇಷ್ಟು ಎಕರೆ ಎಂದು ನೀರಾವರಿಯವರು ಹೇಳುವುದು ನೀರು ಕೊಡಲು ಸಾಧ್ಯವಿರುವ ನೆಲವನ್ನು. ಗ್ರಾಮ ಮಟ್ಟದಿಂದ ಬರುವುದು ಆ ವರ್ಷ ನಿಜವಾಗಿ ನೀರು ಕಂಡ ನೆಲದ ಲೆಕ್ಕ. ನಾಲೆಯ ಕೊನೆಯಂಚಿನ ರೈತರ ಪಾಡೆಲ್ಲ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲಿದೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೆ ಬರುವ ಗುರಿ–ಸಾಧನೆಯ ಪಟ್ಟಿಗಳನ್ನು ನಾನಂತೂ ಕೊನೆಗೆ ನೋಡುತ್ತೇನೆ. ಅವು ಸಭೆಯಲ್ಲಿ ಬೈಸಿಕೊಳ್ಳದೆ ಎದ್ದುಬರಲು ತಯಾರಾದ ಅಂಕಿಗಳು.

ಗಡಿಯ ವಿಚಾರದಲ್ಲಿ ಹೊಸಬರು ಎಡವುವುದು ಸಹಜ. ಹಾಸನ ಹಾಲು ಒಕ್ಕೂಟದ ವ್ಯಾಪ್ತಿ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ. ಅದರ ಹಾಲಿನ ಶೇಖರಣೆಯನ್ನು ಹಾಸನ ಜಿಲ್ಲೆಯ ಹಸುಗಳಿಂದ ಭಾಗಿಸಿದರೆ ನಮ್ಮ ಹಸುಗಳು ಕಾಮಧೇನುಗಳಾಗುತ್ತವೆ. ಹಾಸನ ಲೋಕಸಭಾ ಕ್ಷೇತ್ರದೊಳಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರು ಇದೆ. ಚನ್ನರಾಯಪಟ್ಟಣದ ಹೆಸರಿನ ವಿಧಾನಸಭಾ ಕ್ಷೇತ್ರ ಇಲ್ಲ, ಅಲ್ಲಿಯದು ಶ್ರವಣಬೆಳಗೊಳ. ಮತದಾನದ ಅಂಕಿಯನ್ನು ತಾಲ್ಲೂಕಿನ ಸಾಕ್ಷರತೆಯೊಂದಿಗೆ ಜೋಡಿಸುವ ಮೊದಲು ನಕ್ಷೆ ತೆರೆಯಬೇಕು. ವರ್ಷವೂ ಹಾಗೆಯೇ. ಕೃಷಿ ವರ್ಷ ಜುಲೈನಿಂದ, ಹಣಕಾಸು ವರ್ಷ ಏಪ್ರಿಲ್‌ನಿಂದ.

ಹಳೆಯ ಅಂಕಿಗಳನ್ನು ಧೂಳು ಹಿಡಿದವೆಂದು ಬದಿಗಿಡಬೇಡಿ. ಮೈಸೂರು ಸಂಸ್ಥಾನದ ಮೊದಲ ಜನಗಣತಿ 1871ರದ್ದು, ಜನಸಂಖ್ಯೆ 50,55,412. ಹತ್ತು ವರ್ಷದ ನಂತರ 41,86,188. ನಡುವೆ ಬಂದದ್ದು 1876–78ರ ಬರ. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರ ಇಳಿಕೆ ಇದು, ಹುಟ್ಟಬೇಕಾಗಿದ್ದವರನ್ನು ಲೆಕ್ಕಕ್ಕೆ ಹಿಡಿಯದೆ. ಬಿ.ಎಲ್. ರೈಸ್ ಅವರ ಗೆಜೆಟಿಯರ್ 1877ರಲ್ಲೊಮ್ಮೆ, ಪರಿಷ್ಕೃತವಾಗಿ 1897ರಲ್ಲೊಮ್ಮೆ ಬಂದಿರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಓದುವಾಗ ಮಂಜರಾಬಾದ್ ಎಂಬುದು ಇಂದಿನ ಸಕಲೇಶಪುರದ ಕಡೆಯದು, ಹಾರನಹಳ್ಳಿಗೆ ಆಗ ತಾಲ್ಲೂಕಿನ ಸ್ಥಾನವಿತ್ತು ಎಂಬುದು ನೆನಪಿರಲಿ. ಹತ್ತಿರದ ಕಾಲಕ್ಕೆ ಬಂದರೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನೂ ಅಳೆದಿತ್ತು. 114 ಹಿಂದುಳಿದವು ಎಂಬ ತೀರ್ಮಾನವನ್ನಷ್ಟೇ ಎಲ್ಲರೂ ಉಲ್ಲೇಖಿಸುತ್ತಾರೆ. ತಾಲ್ಲೂಕುವಾರು ಮೂಲ ಕೋಷ್ಟಕಗಳನ್ನು ತೆರೆದು ನೋಡುವವರು ಕಡಿಮೆ, ಅಧ್ಯಯನಕ್ಕೆ ಬೇಕಾದದ್ದೆಲ್ಲ ಇರುವುದು ಅಲ್ಲಿ.

ಹಾಸನದ ಹೇಮಗಂಗೋತ್ರಿಯ ಸ್ನಾತಕೋತ್ತರ ವಿದ್ಯಾರ್ಥಿಗೆ ನಾನು ಹೇಳುವ ದಾರಿ ಇಷ್ಟು. ಮೊದಲು ಜಿಲ್ಲಾ ಸಾಂಖ್ಯಿಕ ಕಚೇರಿಯ ‘ಜಿಲ್ಲಾ ಅಂಕಿ ಅಂಶಗಳ ನೋಟ’ ನೋಡಿ. ಪ್ರತಿ ಕೋಷ್ಟಕದ ಬುಡದಲ್ಲಿ ಯಾವ ಇಲಾಖೆ ಕೊಟ್ಟದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಮೊದಲು ಓದಿ, ಅಂಕಿಯನ್ನು ಆಮೇಲೆ. ಅನಂತರ ಆ ಇಲಾಖೆಗೇ ಹೋಗಿ ಅಂಕಿ ತುಂಬುವ ನಮೂನೆಯ ಖಾಲಿ ಹಾಳೆ ಕೇಳಿ. ಅಂಕಿ ಕೊಡಲು ಹಿಂಜರಿಯುವವರೂ ಖಾಲಿ ನಮೂನೆಯನ್ನು ನಗುತ್ತಲೇ ಕೊಡುತ್ತಾರೆ. ಯಾವ ಕಾಲಮ್ಮು ಇದೆ, ಯಾವುದು ಇಲ್ಲ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಕೊನೆಯ ಉಪಾಯವಾಗಿರಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. “ತಾಲ್ಲೂಕಿನ ಕೃಷಿಯ ಸಮಗ್ರ ಮಾಹಿತಿ ಕೊಡಿ” ಎಂದರೆ ಸಿಗುವುದಿಲ್ಲ. “ಇಂಥ ವರ್ಷದ, ಇಂಥ ನಮೂನೆಯ, ಇಂಥ ಹೋಬಳಿಯ ಪ್ರತಿ” ಎಂದರೆ ಸಿಗುತ್ತದೆ. ಸ್ವಂತ ಲೆಕ್ಕ ಹಾಕುವ ಉಮೇದಿದ್ದವರಿಗೆ ಕೇಂದ್ರ ಸಾಂಖ್ಯಿಕ ಸಚಿವಾಲಯ ರಾಷ್ಟ್ರೀಯ ಮಾದರಿ ಸಮೀಕ್ಷೆಗಳ ಮನೆವಾರು ದತ್ತಾಂಶವನ್ನು ಹೆಸರು ತೆಗೆದು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಆದರೆ ಪ್ರತಿ ಮನೆಯೂ ಎಷ್ಟು ಮನೆಗಳ ಪ್ರತಿನಿಧಿ ಎಂಬ ಗುಣಕದ ಕಾಲಮ್ಮನ್ನು ಬಿಟ್ಟು ಕೂಡಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ.

2011ರ ಅಂಕಿಗಳಿಗೆ ಈಗ ಹದಿನೈದರ ಹತ್ತಿರ ವಯಸ್ಸು. ಹೊಸ ಜನಗಣತಿಯ ಅಧಿಸೂಚನೆ 2025ರ ಜೂನ್ 16ರಂದು ಹೊರಬಿತ್ತು. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಮನೆಪಟ್ಟಿ, 2027ರ ಮಾರ್ಚ್ 1ಕ್ಕೆ ಜನರ ಎಣಿಕೆ, ಜಾತಿಯೂ ಸೇರಿದಂತೆ. ಇದಕ್ಕಾಗಿ ಆಡಳಿತದ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಸ್ಥಿರಗೊಳಿಸಬೇಕೆಂಬ ಆದೇಶವಿತ್ತು. ಎರಡು ಜನಗಣತಿಗಳ ನಡುವೆ ಕಂದಾಯ ಗ್ರಾಮಗಳಾದ ಹಟ್ಟಿ, ತಾಂಡ, ಕೊಪ್ಪಲುಗಳು ಹೊಸ ಪಟ್ಟಿಯಲ್ಲಿ ತಮ್ಮದೇ ಸಾಲು ಪಡೆಯುತ್ತವೆ, ಅವನ್ನು ಕಳೆದುಕೊಂಡ ಹಳೆಯ ಗ್ರಾಮಗಳ ಜನಸಂಖ್ಯೆ ಇದ್ದಕ್ಕಿದ್ದಂತೆ ಕುಗ್ಗಿದಂತೆ ಕಾಣುತ್ತದೆ. ಹೊಸ ಅಂಕಿ ಬಂದ ವಾರವೇ ‘ಜನ ಖಾಲಿಯಾಗುತ್ತಿರುವ ಹಳ್ಳಿಗಳು’ ಎಂಬ ತಲೆಬರಹ ಬರುವ ಸಂಭವವಿದೆ. ಆ ಹೊತ್ತಿಗೆ ಬೇಕಾಗುವುದು ಯಾವ ಕೊಪ್ಪಲು ಯಾವ ಗ್ರಾಮದಿಂದ ಯಾವ ಅಧಿಸೂಚನೆಯಲ್ಲಿ ಬೇರೆಯಾಯಿತು ಎಂಬ ಪಟ್ಟಿ. ತಾಲ್ಲೂಕು ಕಚೇರಿಯಲ್ಲಿ ಅದನ್ನು ಕೇಳಿ ತೆಗೆದಿಟ್ಟುಕೊಳ್ಳಲು ಇನ್ನೂ ಸಮಯವಿದೆ.